ಚಾರ್ಟ್ ಮನೆ ಬದಲಾಯಿಸಿತು, ಖಾತೆ ಬದಲಾಗಲಿಲ್ಲ

ಪ್ರತಿ ವರ್ಷ ಮಾರ್ಚ್ ತಿಂಗಳು ಬಂತು ಅಂದ್ರೆ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಹೊಸ ನಂಬರ್‌ಗಳು ಸೇರುತ್ತವೆ. ದಾವಣಗೆರೆ, ಹಾಸನ, ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನ ಹುಡುಗ ಹುಡುಗಿಯರು. ಅಡ್ಮಿಷನ್ ಪತ್ರ ಕೈಗೆ ಬಂದಿರುತ್ತದೆ, ಬ್ಯಾಂಕಿನ ಸಾಲ ಇನ್ನೂ ಮಂಜೂರಾಗಿರುವುದಿಲ್ಲ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಣ್ಣಾ, ಅಲ್ಲಿ ತಿಂಗಳಿಗೆ ಎಷ್ಟು ಖರ್ಚಾಗುತ್ತೆ?" ಆಗ ನಾವು ಸೀನಿಯರ್‌ಗಳು ಮಾಡುವ ಕೆಲಸವೂ ಒಂದೇ. ನಮಗೆ ನಮ್ಮ ಸೀನಿಯರ್‌ಗಳು ಕೊಟ್ಟಿದ್ದ ಖರ್ಚಿನ ಎಕ್ಸೆಲ್ ಫೈಲ್ ಹುಡುಕಿ, ನಾಲ್ಕು ಅಂಕಿ ತಿದ್ದಿ, ಕಳಿಸಿ ಕೈ ತೊಳೆದುಕೊಳ್ಳುತ್ತೇವೆ.

ಈ ಲೇಖನ ಆ ಫೈಲಿನ ಬಗ್ಗೆ. ಕೇಳೋಕೆ ಸಣ್ಣ ವಿಷಯ. ಆದರೆ ಒಬ್ಬ ಜೂನಿಯರ್‌ನ ಮನೆಯಲ್ಲಿ ಅದು ಸಣ್ಣದಾಗಿ ಉಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ನಮ್ಮ ಮೂಲ ಫೈಲ್ ಲಾಸ್ ಏಂಜಲಿಸ್‌ನದು. ಸೆಮಿಸ್ಟರ್ ಪದ್ಧತಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು ಮಾಡಿದ್ದು. ಮೇಲೆ ಟೇಬಲ್: ಬಾಡಿಗೆ, ದಿನಸಿ, ಕರೆಂಟು, ಫೋನು, ಬಸ್ಸು, ಇನ್ಶೂರೆನ್ಸ್, ಫೀಸು. ಕೆಳಗೆ ಎರಡು ಚಾರ್ಟ್: ಒಂದು ತಿಂಗಳುವಾರು ಖರ್ಚು, ಇನ್ನೊಂದು ಫೀಸಿನ ಕಂತುಗಳು. ಹೋದ ವರ್ಷ ಸ್ಯಾನ್ ಡಿಯಾಗೊಗೆ ಹೋಗುವವರು ಹೆಚ್ಚಾದರು. ಅದೇ ಫೈಲಿನಲ್ಲಿ ಹೊಸ ಶೀಟ್ ತೆರೆದು, ಅಲ್ಲಿನ ಗೆಳೆಯರಿಂದ ಕೇಳಿ ತಿಳಿದು ಎಲ್ಲ ಅಂಕಿಗಳನ್ನೂ ಸರಿಯಾಗಿ ತುಂಬಿದೆವು. ಚಾರ್ಟ್ ಮಾತ್ರ ಮತ್ತೆ ಮಾಡುವುದು ಯಾಕೆ ಅಂತ ಹಳೇ ಶೀಟಿನಿಂದ ಕಾಪಿ ಮಾಡಿ ಅಂಟಿಸಿದೆವು. ಶೀರ್ಷಿಕೆಯಲ್ಲಿ 'ಲಾಸ್ ಏಂಜಲಿಸ್' ಅಳಿಸಿ 'ಸ್ಯಾನ್ ಡಿಯಾಗೊ' ಅಂತ ಟೈಪ್ ಮಾಡಿದೆವು. ನೋಡೋಕೆ ಚೆನ್ನಾಗಿತ್ತು.

ಟೇಬಲ್ ಸ್ಯಾನ್ ಡಿಯಾಗೊದ್ದು. ಶೀರ್ಷಿಕೆ ಸ್ಯಾನ್ ಡಿಯಾಗೊದ್ದು. ಚಾರ್ಟ್ ಒಳಗಿನ ಕಂಬಗಳು ಮಾತ್ರ ಲಾಸ್ ಏಂಜಲಿಸ್‌ನವು. ಫೈಲ್ ಮೂವತ್ತು ನಲವತ್ತು ಜನರ ಫೋನಿಗೆ ಹೋಯಿತು. ಯಾರೂ ಗಮನಿಸಲಿಲ್ಲ, ಮಾಡಿದ ನಾವೂ ಗಮನಿಸಲಿಲ್ಲ.

ಮಾರ್ಚಿನಲ್ಲಿ ಒಬ್ಬ ಹುಡುಗ ಫೋನ್ ಮಾಡಿದ. ಚಾರ್ಟಿನಲ್ಲಿ ಫೀಸಿಗೆ ಎರಡೇ ಕಂಬ ಇದ್ದವು, ಆಗಸ್ಟಿಗೊಂದು, ಜನವರಿಗೊಂದು. ಅವನ ಅಪ್ಪ ಅದನ್ನು ನೋಡಿ ಎರಡು ಕಂತಿಗೆ ದುಡ್ಡು ಹೊಂದಿಸಿ, ಉಳಿದದ್ದನ್ನು ಒಂದು ವರ್ಷದ ಫಿಕ್ಸೆಡ್ ಡಿಪಾಸಿಟ್ ಇಟ್ಟುಬಿಟ್ಟಿದ್ದರು. ಅವನು ಸೇರಿದ್ದು ಕ್ವಾರ್ಟರ್ ಪದ್ಧತಿಯ ಕಡೆ. ಅಲ್ಲಿ ಫಾಲ್, ವಿಂಟರ್, ಸ್ಪ್ರಿಂಗ್ ಅಂತ ಮೂರು ಕಂತು. ಮೂರನೇ ಕಂತು ಬಂದಾಗ ಡಿಪಾಸಿಟ್ ಮುರಿಸಬೇಕಾಯಿತು, ಬಡ್ಡಿ ಹೋಯಿತು. "ಟೇಬಲ್ ನೋಡ್ಲಿಲ್ಲ ಅಣ್ಣ, ಚಾರ್ಟ್ ನೋಡಿ ಅಪ್ಪಂಗೆ ಸ್ಕ್ರೀನ್‌ಶಾಟ್ ಕಳಿಸ್ದೆ" ಅಂದ. ಅವರಪ್ಪ ಫೋನ್ ತೆಗೆದುಕೊಂಡು ಬೈಯಲಿಲ್ಲ. "ಇಂಜಿನಿಯರಿಂಗ್ ಓದಿರೋ ಹುಡುಗರು ಮಾಡಿದ್ದಲ್ವಾ ಅಂತ ನಂಬಿದ್ವಪ್ಪ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಇದಕ್ಕೆ "ಎಕ್ಸೆಲ್ ಮಿಸ್ಟೇಕ್" ಅಂತ ಹೆಸರು ಕೊಟ್ಟು ಮುಂದೆ ಹೋಗುವುದು ಸುಲಭ. ನಮ್ಮ ಅಭಿಪ್ರಾಯ ಬೇರೆ. ಎಕ್ಸೆಲ್ ತನಗೆ ಹೇಳಿದ್ದನ್ನೇ ಮಾಡಿತು. ನಾವು ಏನು ಹೇಳಿದ್ದೆವು ಅನ್ನುವುದು ನಮಗೇ ಗೊತ್ತಿರಲಿಲ್ಲ.

ಒಳಗೆ ಏನಾಗುತ್ತೆ ಅಂತ ನೋಡೋಣ. ಶೀಟಿನಲ್ಲಿ 'ಬಿ2ರಿಂದ ಬಿ13ರವರೆಗೆ ಕೂಡಿಸು' ಅಂತ ಒಂದು ಫಾರ್ಮುಲಾ ಬರೆದರೆ ಅದರಲ್ಲಿ ಶೀಟಿನ ಹೆಸರಿಲ್ಲ. ಆ ಸೆಲ್ಲನ್ನು ಬೇರೆ ಶೀಟಿನಲ್ಲಿ ಅದೇ ಜಾಗಕ್ಕೆ ಅಂಟಿಸಿದರೆ ಆ ಶೀಟಿನ ಬಿ2ರಿಂದ ಬಿ13 ಕೂಡಿಸುತ್ತದೆ. ಹೋದ ಊರಿನ ನೀರು ಕುಡಿಯುವ ಜಾತಿ. ಚಾರ್ಟ್ ಹಾಗಲ್ಲ. ಚಾರ್ಟಿನ ಒಂದು ಕಂಬದ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡಿ. 'ಸೀರೀಸ್' ಅನ್ನುವ ಫಂಕ್ಷನ್, ಅದರ ಆವರಣದೊಳಗೆ ನಾಲ್ಕು ಭಾಗ ಕಾಣುತ್ತದೆ: ಸೀರೀಸಿನ ಹೆಸರು ಎಲ್ಲಿದೆ, ಕೆಳಗಿನ ಅಕ್ಷದ ಲೇಬಲ್ ಎಲ್ಲಿದೆ, ಬೆಲೆಗಳು ಎಲ್ಲಿವೆ, ಇದು ಎಷ್ಟನೇ ಸೀರೀಸು. ಮೊದಲ ಮೂರಕ್ಕೂ ಸೆಲ್ ವಿಳಾಸದ ಹಿಂದೆ ಶೀಟಿನ ಹೆಸರು, ಒಂದು ಆಶ್ಚರ್ಯಸೂಚಕ ಚಿಹ್ನೆ. ಅಕ್ಷರಕ್ಕೂ ಅಂಕಿಗೂ ಮುಂದೆ ಡಾಲರ್ ಚಿಹ್ನೆ. ಅಂದ್ರೆ ಪೂರ್ತಿ ವಿಳಾಸ, ಮನೆ ನಂಬರ್ ಸಮೇತ. ಚಾರ್ಟನ್ನು ಎತ್ತಿ ಎಲ್ಲಿ ಇಟ್ಟರೂ ಅದು ಆ ಹಳೇ ವಿಳಾಸಕ್ಕೇ ಹೋಗಿ ಅಂಕಿ ತರುತ್ತದೆ.

ಊರಲ್ಲಿ ಸೈಟು, ಮನೆ ಕೊಂಡವರಿಗೆ ಇದು ಗೊತ್ತಿರುವ ಕಥೆ. ರಿಜಿಸ್ಟ್ರೇಷನ್ ಆಗಿರುತ್ತೆ, ಗೃಹಪ್ರವೇಶ ಆಗಿರುತ್ತೆ, ಗೇಟಿಗೆ ಹೊಸ ಹೆಸರಿನ ಬೋರ್ಡೂ ಬಿದ್ದಿರುತ್ತೆ. ಖಾತೆ ಬದಲಾವಣೆ ಮಾಡಿಸದಿದ್ದರೆ ಕಂದಾಯದ ರಸೀದಿ ಹಳೇ ಮಾಲೀಕನ ಹೆಸರಲ್ಲೇ ಬರುತ್ತದೆ. ನಮ್ಮ ಚಾರ್ಟಿಗೆ ಆಗಿದ್ದೂ ಅದೇ. ಶೀರ್ಷಿಕೆ ಬದಲಾಯಿಸಿದ್ದು ಬೋರ್ಡ್ ಬದಲಾಯಿಸಿದ ಹಾಗೆ. ಖಾತೆ ಲಾಸ್ ಏಂಜಲಿಸ್‌ನಲ್ಲೇ ಇತ್ತು.

ಹಾಗಾದರೆ ಕಾಪಿ ಮಾಡುವುದೇ ತಪ್ಪಾ? ಅಲ್ಲ. ಹೇಗೆ ಕಾಪಿ ಮಾಡುತ್ತೇವೆ ಅನ್ನುವುದರ ಮೇಲಿದೆ. ಎಕ್ಸೆಲ್‌ನಲ್ಲಿ ಡೇಟಾ ಮತ್ತು ಚಾರ್ಟ್ ಎರಡೂ ಒಂದೇ ಶೀಟಿನಲ್ಲಿದ್ದು, ಕೆಳಗಿನ ಟ್ಯಾಬ್ ಮೇಲೆ ಬಲ ಕ್ಲಿಕ್ ಮಾಡಿ 'ಮೂವ್ ಆರ್ ಕಾಪಿ' ಮೂಲಕ ಇಡೀ ಶೀಟನ್ನೇ ಕಾಪಿ ಮಾಡಿದರೆ, ಹೊಸ ಶೀಟಿನ ಚಾರ್ಟ್ ಹೊಸ ಶೀಟಿನ ಡೇಟಾವನ್ನೇ ನೋಡುತ್ತದೆ. ಖಾತೆ ತಾನಾಗಿಯೇ ಬದಲಾಗುತ್ತದೆ. ಕಂಟ್ರೋಲ್ ಕೀ ಒತ್ತಿ ಹಿಡಿದು ಟ್ಯಾಬನ್ನು ಪಕ್ಕಕ್ಕೆ ಎಳೆದರೂ ಅದೇ ಫಲ. ಆಮೇಲೆ ಆ ಹೊಸ ಶೀಟಿನಲ್ಲಿ ಹಳೇ ಅಂಕಿಗಳ ಮೇಲೆ ಹೊಸ ಅಂಕಿ ತುಂಬಿದರೆ ಮುಗಿಯಿತು. ನಾವು ಉಲ್ಟಾ ಮಾಡಿದ್ದೆವು. ಅಂಕಿ ಮೊದಲು ತುಂಬಿ, ಚಾರ್ಟ್ ಆಮೇಲೆ ತಂದೆವು.

ಚಾರ್ಟ್ ಒಂದು ಶೀಟಿನಲ್ಲಿ, ಡೇಟಾ ಇನ್ನೊಂದು ಶೀಟಿನಲ್ಲಿ ಇದ್ದರೆ ಈ ಅನುಕೂಲ ಇಲ್ಲ. ಚಾರ್ಟಿನ ಶೀಟನ್ನು ಕಾಪಿ ಮಾಡಿದರೂ ಅದು ಹಳೇ ಡೇಟಾ ಶೀಟನ್ನೇ ನೋಡುತ್ತಿರುತ್ತದೆ. ಇನ್ನು ಚಾರ್ಟನ್ನು ಬೇರೆ ಫೈಲಿಗೇ ಅಂಟಿಸಿದರೆ, ವಿಳಾಸದಲ್ಲಿ ಹಳೇ ಫೈಲಿನ ಹೆಸರೂ ಸೇರಿಕೊಳ್ಳುತ್ತದೆ. ಆ ಹಳೇ ಫೈಲ್ ಜೂನಿಯರ್ ಹತ್ತಿರ ಇರುವುದಿಲ್ಲ. ಆದರೂ ಚಾರ್ಟ್ ಖಾಲಿ ಆಗುವುದಿಲ್ಲ, ಯಾಕೆಂದರೆ ಕೊನೆಯ ಸಲ ನೋಡಿದ ಅಂಕಿಗಳನ್ನು ಚಾರ್ಟ್ ತನ್ನೊಳಗೇ ಉಳಿಸಿಕೊಂಡಿರುತ್ತದೆ. ಎರರ್ ಬಂದಿದ್ದರೆ ಯಾರಾದರೂ ಕೇಳುತ್ತಿದ್ದರು. ಸುಂದರವಾದ ಕಂಬ ಕಂಡರೆ ಯಾರು ಕೇಳುತ್ತಾರೆ? ಇದರಲ್ಲಿ ಇನ್ನೊಂದು ಅಪಾಯವೂ ಇದೆ. ನಿಮ್ಮ ಸ್ವಂತ ಖರ್ಚಿನ ಅಂಕಿ, ನಿಮ್ಮ ಫೈಲಿನ ಹೆಸರು, ಅದಿದ್ದ ಫೋಲ್ಡರ್‌ನ ಹೆಸರು ಗೊತ್ತಿಲ್ಲದವರ ಫೋನಿಗೆ ಹೋಗಿ ಕೂರುತ್ತವೆ.

ಎಲ್ಲ ನಗರಕ್ಕೂ ಖರ್ಚು ಹೆಚ್ಚು ಕಡಿಮೆ ಒಂದೇ ತಾನೆ, ಅಂಕಿ ಸ್ವಲ್ಪ ಆಚೀಚೆ ಆದರೆ ಏನು ಅಂತ ಕೆಲವರು ಕೇಳಿದರು. ಲಾಸ್ ಏಂಜಲಿಸ್‌ಗೂ ಸ್ಯಾನ್ ಡಿಯಾಗೊಗೂ ನಡುವೆ ಸುಮಾರು 120 ಮೈಲಿ. ಐ-5 ಹೆದ್ದಾರಿ ಖಾಲಿ ಇದ್ದರೆ ಎರಡು ಗಂಟೆಯ ದಾರಿ. ಒಂದೇ ರಾಜ್ಯ, ಒಂದೇ ಸಮುದ್ರ. ಆದರೆ ವಿದ್ಯಾರ್ಥಿಯ ಲೆಕ್ಕದ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಆಕಾರದ ಊರುಗಳು.

ಫೀಸಿನಿಂದಲೇ ಶುರು ಮಾಡೋಣ. ಲಾಸ್ ಏಂಜಲಿಸ್‌ನ ಯುಎಸ್‌ಸಿ ಸೆಮಿಸ್ಟರ್ ಪದ್ಧತಿ, ಅದೇ ಊರಿನ ಯುಸಿಎಲ್‌ಎ ಕ್ವಾರ್ಟರ್ ಪದ್ಧತಿ. ಸ್ಯಾನ್ ಡಿಯಾಗೊದ ಯುಸಿಎಸ್‌ಡಿ ಕ್ವಾರ್ಟರ್, ಸ್ಯಾನ್ ಡಿಯಾಗೊ ಸ್ಟೇಟ್ ಸೆಮಿಸ್ಟರ್. ಅಂದ್ರೆ ಊರಿನ ಹೆಸರು ಗೊತ್ತಾದರೂ ಸಾಲದು, ಕಾಲೇಜಿನ ಹೆಸರು ಬೇಕು. ಸೆಮಿಸ್ಟರ್‌ನವರಿಗೆ ಓದು ಆಗಸ್ಟ್ ಕೊನೆಗೆ ಶುರು, ಕ್ವಾರ್ಟರ್‌ನವರಿಗೆ ಸೆಪ್ಟೆಂಬರ್ ಕೊನೆಗೆ. ಹಾಗಾಗಿ ಚಾರ್ಟಿನ ಕೆಳಗಿನ ತಿಂಗಳುಗಳ ಸಾಲೂ ಬೇರೆ.

ಕರೆಂಟು ಬಿಲ್ ನೋಡಿ. ಲಾಸ್ ಏಂಜಲಿಸ್ ನಗರದಲ್ಲಿ ಕರೆಂಟು, ನೀರು ಎರಡೂ ನಗರದ್ದೇ ಆದ ಇಲಾಖೆಯಿಂದ ಬರುತ್ತವೆ. ಮನೆಗಳಿಗೆ ಎರಡು ತಿಂಗಳಿಗೊಂದು ಬಿಲ್, ವರ್ಷಕ್ಕೆ ಆರು. ಸ್ಯಾನ್ ಡಿಯಾಗೊದಲ್ಲಿ ಕರೆಂಟು ಮನೆಗೆ ತಲುಪಿಸಿ ಬಿಲ್ ಕಳಿಸುವುದು ಖಾಸಗಿ ಕಂಪನಿ, ಬಿಲ್ ತಿಂಗಳಿಗೊಂದು, ವರ್ಷಕ್ಕೆ ಹನ್ನೆರಡು. ಸೇಲ್ಸ್ ಟ್ಯಾಕ್ಸ್ ಲಾಸ್ ಏಂಜಲಿಸ್ ನಗರದಲ್ಲಿ 2025ರ ಏಪ್ರಿಲ್‌ನಿಂದ ಶೇ. 9.75, ಸ್ಯಾನ್ ಡಿಯಾಗೊ ನಗರದಲ್ಲಿ ಶೇ. 7.75. ಅಕ್ಕಿ, ಬೇಳೆ, ತರಕಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಈ ತೆರಿಗೆ ಇಲ್ಲ. ಆದರೆ ಮೊದಲ ತಿಂಗಳು ಕೊಳ್ಳುವ ಕುಕ್ಕರ್, ಹಾಸಿಗೆ, ಲ್ಯಾಪ್‌ಟಾಪ್ ಎಲ್ಲಕ್ಕೂ ಇದೆ. ಓಡಾಟದ ಸಾಲೂ ಹಾಗೇ. 2021ರ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೊ ಟ್ರಾಲಿಯ ಬ್ಲೂ ಲೈನ್ ಯುಸಿಎಸ್‌ಡಿ ತನಕ ಬಂದ ಮೇಲೆ, ಕ್ಯಾಂಪಸ್ಸಿನಿಂದ ದೂರ ಮನೆ ಮಾಡಿ ರೈಲಿನಲ್ಲಿ ಓಡಾಡುವುದು ಅಲ್ಲಿನವರಿಗೆ ಸಾಧ್ಯವಾಯಿತು. ಆ ಆಯ್ಕೆ ಬಾಡಿಗೆಯ ಸಾಲನ್ನೂ ಬದಲಾಯಿಸುತ್ತದೆ.

ಕರೆಂಟು ಬಿಲ್ಲಿನ ಉದಾಹರಣೆಯಲ್ಲಿ ಇನ್ನೊಂದು ಪಾಠ ಇದೆ. ಶೀಟನ್ನು ಸರಿಯಾದ ರೀತಿಯಲ್ಲೇ ಕಾಪಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಚಾರ್ಟ್ ಹೊಸ ಶೀಟನ್ನೇ ನೋಡುತ್ತಿದೆ. ಆದರೆ ಲಾಸ್ ಏಂಜಲಿಸ್‌ನಲ್ಲಿ ಆರು ಸಾಲು ಇದ್ದದ್ದಕ್ಕೆ ಅದರ ರೇಂಜ್ ಬಿ2ರಿಂದ ಬಿ7. ಸ್ಯಾನ್ ಡಿಯಾಗೊದ ಹನ್ನೆರಡು ಬಿಲ್ ಕೆಳಗೆ ಕೆಳಗೆ ತುಂಬಿದರೆ ಅರ್ಧ ವರ್ಷ ಚಾರ್ಟಿನಿಂದ ಹೊರಗೆ ಉಳಿಯಿತು. ಶೀಟಿನ ಹೆಸರು ಸರಿ ಇದ್ದರೆ ಸಾಲದು, ಸಾಲುಗಳ ಲೆಕ್ಕವೂ ಆ ಊರಿನದೇ ಆಗಬೇಕು. ಮನೆ ನಂಬರ್ ಸರಿ ಇದೆ, ಅಳತೆ ಮಾತ್ರ ಪಕ್ಕದ ಮನೆಯದು ಅಂದ್ರೆ ಒಪ್ಪುತ್ತೇವಾ?

ಇಂಥ ಸಾಲು ಬಿಟ್ಟುಹೋಗುವ ತಪ್ಪು ನಮ್ಮಂಥವರಿಂದ ಮಾತ್ರ ಆಗುವುದಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ದೇಶದ ಸಾಲ ಅದರ ಜಿಡಿಪಿಯ ಶೇ. 90 ದಾಟಿದರೆ ಸರಾಸರಿ ಬೆಳವಣಿಗೆ ಶೇ. -0.1ಕ್ಕೆ ಇಳಿಯುತ್ತದೆ ಅನ್ನುವ ಅಂಕಿ ಅದರಲ್ಲಿತ್ತು. ಸರ್ಕಾರಗಳ ಖರ್ಚು ಕಡಿತದ ಚರ್ಚೆಯಲ್ಲಿ ಅದನ್ನು ಮತ್ತೆ ಮತ್ತೆ ಎತ್ತಿ ಹೇಳಲಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಕ್ಲಾಸಿನ ಹೋಮ್‌ವರ್ಕ್‌ಗೆ ಅಂತ ಅದೇ ಲೆಕ್ಕ ಮಾಡಲು ಹೊರಟರು. ಉತ್ತರ ತಾಳೆ ಆಗಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಫೈಲ್ ಪಡೆದು ನೋಡಿದರೆ, ಸರಾಸರಿಯ ಫಾರ್ಮುಲಾ 30ನೇ ಸಾಲಿನಿಂದ 49ರವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಹೊರಗೆ. ಹರ್ನ್‌ಡನ್ ಮತ್ತು ಅವರ ಪ್ರಾಧ್ಯಾಪಕರು ಮತ್ತೆ ಲೆಕ್ಕ ಹಾಕಿದಾಗ ಬಂದ ಸರಾಸರಿ ಶೇ. 2.2. ಈ ವ್ಯತ್ಯಾಸಕ್ಕೆ ಎಕ್ಸೆಲ್ ತಪ್ಪೊಂದೇ ಕಾರಣವಲ್ಲ. ಕೆಲವು ವರ್ಷಗಳ ಡೇಟಾ ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ ಇವುಗಳ ಪಾಲೇ ದೊಡ್ಡದು. ಮೂಲ ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡು, ಉಳಿದ ಆಯ್ಕೆಗಳನ್ನು ಸಮರ್ಥಿಸಿಕೊಂಡರು.

ಈ ಘಟನೆಯಲ್ಲಿ ನಮಗೆ ಇಷ್ಟವಾಗುವುದು ದೊಡ್ಡವರು ತಪ್ಪು ಮಾಡಿದರು ಅನ್ನುವುದಲ್ಲ. ಒಬ್ಬ ವಿದ್ಯಾರ್ಥಿ ಕೇಳಿದಾಗ ಅವರು ಫೈಲ್ ಕೊಟ್ಟರು, ಆ ವಿದ್ಯಾರ್ಥಿ ಸೆಲ್ ಒಳಗೆ ಇಣುಕಿ ನೋಡಿದ. ನಾವು ಜೂನಿಯರ್‌ಗಳಿಗೆ ಸ್ಕ್ರೀನ್‌ಶಾಟ್ ಕೊಟ್ಟರೆ ಅವರು ಇಣುಕುವುದು ಎಲ್ಲಿ?

ಇನ್ನೊಂದು ವಾದ ನಮ್ಮೊಳಗೇ ಬಂತು: ಇದನ್ನು ಸಾಫ್ಟ್‌ವೇರ್ ಮಾಡಿದವರೇ ಸರಿಪಡಿಸಬೇಕು, ಚಾರ್ಟ್ ಅಂಟಿಸಿದ ಕೂಡಲೇ ಅದು ಆ ಶೀಟಿನ ಡೇಟಾವನ್ನೇ ಹಿಡಿಯಬೇಕು. ಮೊದಲು ನಮಗೂ ಸರಿ ಅನಿಸಿತ್ತು. ಆದರೆ ಸಂಘದ ವರ್ಷದ ಲೆಕ್ಕ ಒಪ್ಪಿಸುವಾಗ ನಾವು ಒಂದು ಸಾರಾಂಶದ ಶೀಟ್ ಮಾಡುತ್ತೇವೆ. ಲಾಸ್ ಏಂಜಲಿಸ್‌ನ ಚಾರ್ಟ್ ಎಡಕ್ಕೆ, ಸ್ಯಾನ್ ಡಿಯಾಗೊದ್ದು ಬಲಕ್ಕೆ. ಆ ಶೀಟಿನಲ್ಲಿ ಡೇಟಾನೇ ಇಲ್ಲ. ಚಾರ್ಟ್‌ಗಳು ತಮ್ಮ ತಮ್ಮ ಹಳೇ ವಿಳಾಸ ಮರೆತರೆ ಆ ಪುಟ ಪೂರ್ತಿ ಖಾಲಿ. ಹಾಗಾಗಿ ಹಳೇ ವಿಳಾಸ ನೆನಪಿಟ್ಟುಕೊಳ್ಳುವುದೂ ಒಂದು ಗುಣ. ಯಾವುದು ಬೇಕು ಅನ್ನುವುದು ಅಂಟಿಸುವವನ ಮನಸ್ಸಿನಲ್ಲಿರುತ್ತದೆ, ಎಕ್ಸೆಲ್‌ಗೆ ಅದು ಗೊತ್ತಾಗುವ ದಾರಿಯಿಲ್ಲ.

ಆದರೂ ಒಂದು ದೂರು ಉಳಿಯುತ್ತದೆ. ಚಾರ್ಟ್ ಅಂಟಿಸಿದಾಗ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಕಾಣುತ್ತದಲ್ಲ, ಅದು ಬಣ್ಣ ಮತ್ತು ವಿನ್ಯಾಸ ಹಳೇದಿರಲಾ, ಹೊಸದಾಗಲಾ, ಬರೀ ಚಿತ್ರವಾಗಿ ಅಂಟಿಸಲಾ ಅಂತ ಕೇಳುತ್ತದೆ. ಅಂಕಿ ಹಳೇ ಶೀಟಿನದ್ದಾ, ಈ ಶೀಟಿನದ್ದಾ ಅಂತ ಕೇಳುವುದಿಲ್ಲ. ಸೀರೆಯ ಬಣ್ಣ ಕೇಳಿ ಮದುಮಗಳು ಯಾರು ಅಂತ ಕೇಳದ ಹಾಗೆ. ಆ ಒಂದು ಪ್ರಶ್ನೆ ಇರಬೇಕು ಅನ್ನುವುದು ನಮ್ಮ ಅಭಿಪ್ರಾಯ. ಅದು ಬರುವ ತನಕ ಪ್ರಶ್ನೆ ನಾವೇ ಕೇಳಿಕೊಳ್ಳಬೇಕು.

ಕೇಳಿಕೊಳ್ಳುವುದು ಹೇಗೆ? ಒಂದು ಸುಲಭದ ಪರೀಕ್ಷೆ ಇದೆ, ಹತ್ತು ಸೆಕೆಂಡಿನದು. ಹೊಸ ಶೀಟಿನ ಟೇಬಲ್ಲಿನಲ್ಲಿ ಯಾವುದಾದರೂ ಒಂದು ಸೆಲ್ಲಿಗೆ 99,999 ಅಂತ ಹೊಡೆಯಿರಿ. ಚಾರ್ಟಿನ ಕಂಬ ಮೇಲಕ್ಕೆ ಚಿಮ್ಮಿದರೆ ಸರಿ. ಅಲುಗಾಡದೆ ನಿಂತರೆ ಅದು ಬೇರೆ ಮನೆಯ ಕಂಬ. ಇದೇ ಆಟ ಟೇಬಲ್ಲಿನ ಕೊನೆಯ ಸಾಲಿನಲ್ಲೂ ಆಡಿ, ಸಾಲು ಬಿಟ್ಟುಹೋಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಅನ್‌ಡು ಮಾಡುವುದು ಮರೆಯಬೇಡಿ.

ಎರಡನೇ ಉಪಾಯ: ಸೀರೀಸಿನ ಹೆಸರನ್ನು ಕೈಯಿಂದ ಟೈಪ್ ಮಾಡಬೇಡಿ. ಟೇಬಲ್ಲಿನ ಕಾಲಂ ತಲೆಬರಹದಲ್ಲೇ ಊರಿನ ಹೆಸರು ಬರೆದು, ಸೀರೀಸು ತನ್ನ ಹೆಸರನ್ನು ಆ ಸೆಲ್ಲಿನಿಂದ ಓದಲಿ. ಆಗ ಚಾರ್ಟ್ ಹಳೇ ಶೀಟನ್ನು ನೋಡುತ್ತಿದ್ದರೆ ಅದರ ಲೆಜೆಂಡಿನಲ್ಲಿ 'ಲಾಸ್ ಏಂಜಲಿಸ್' ಅಂತಲೇ ಇರುತ್ತದೆ. ನಮ್ಮ ಫೈಲಿನಲ್ಲಿ ಇದೊಂದು ಇದ್ದಿದ್ದರೆ ಆ ಹುಡುಗನೇ "ಅಣ್ಣಾ, ಇಲ್ಲಿ ಎಲ್‌ಎ ಅಂತಿದೆಯಲ್ಲ" ಅಂತ ಕೇಳುತ್ತಿದ್ದ.

ಮೂರನೆಯದು, ಡೇಟಾವನ್ನು ಎಕ್ಸೆಲ್‌ನ 'ಟೇಬಲ್' ಆಗಿ ಪರಿವರ್ತಿಸಿ. ಇನ್ಸರ್ಟ್ ಮೆನುವಿನಲ್ಲಿದೆ. ಟೇಬಲ್ಲಿನ ಪೂರ್ತಿ ಕಾಲಮ್ಮಿನಿಂದ ಮಾಡಿದ ಚಾರ್ಟು, ಕೆಳಗೆ ಹೊಸ ಸಾಲು ಸೇರಿಸಿದಂತೆ ತಾನೂ ಹಿಗ್ಗುತ್ತದೆ. ಆರು ಬಿಲ್ಲಿನ ಊರಿಗೂ ಹನ್ನೆರಡು ಬಿಲ್ಲಿನ ಊರಿಗೂ ಒಂದೇ ಅಚ್ಚು ಸಾಕು. ನಾಲ್ಕನೆಯದು, ಬೇರೆಯವರಿಗೆ ಕೊಡುವಾಗ ಚಾರ್ಟನ್ನು ಎತ್ತಿ ಇನ್ನೊಂದು ಫೈಲಿಗೆ ಅಂಟಿಸುವ ಬದಲು ಇಡೀ ಫೈಲನ್ನೇ ಹೊಸ ಹೆಸರಲ್ಲಿ ಉಳಿಸಿ, ಒಳಗಿನ ನಿಮ್ಮ ಸ್ವಂತ ಅಂಕಿ ಅಳಿಸಿ ಕೊಡಿ. ಈಗಾಗಲೇ ಅಂಟಿಸಿ ಆಗಿದ್ದರೆ 'ಸೆಲೆಕ್ಟ್ ಡೇಟಾ'ಗೆ ಹೋಗಿ ಒಂದೊಂದೇ ಸೀರೀಸಿನ ವಿಳಾಸ ತಿದ್ದಿ. ಗೂಗಲ್ ಶೀಟ್ಸ್ ಬಳಸುವವರು ಚಾರ್ಟ್ ಎಡಿಟರ್ ತೆರೆದು 'ಡೇಟಾ ರೇಂಜ್' ಡಬ್ಬಿಯಲ್ಲಿ ಯಾವ ಶೀಟಿನ ಹೆಸರಿದೆ ಅಂತ ಓದಿದರೆ ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ. ಅದಕ್ಕೆ ಮೊದಲು ಹಾಸಿಗೆ ಎಷ್ಟುದ್ದ ಅಂತ ಸರಿಯಾಗಿ ಗೊತ್ತಾಗಬೇಕು. ಅಲ್ಲಿ ಕೂತ ಅಪ್ಪ ಅಮ್ಮನಿಗೆ ಕ್ವಾರ್ಟರ್ ಗೊತ್ತಿಲ್ಲ, ಸೆಮಿಸ್ಟರ್ ಗೊತ್ತಿಲ್ಲ, ಈ ಊರಿನ ಕರೆಂಟು ಬಿಲ್ ಗೊತ್ತಿಲ್ಲ. ಅವರಿಗೆ ಕಾಣುವ ಅಳತೆಪಟ್ಟಿ ನಾವು ಕಳಿಸಿದ ಚಾರ್ಟ್ ಒಂದೇ. ಅವರು ಅದನ್ನು ನೋಡಿ ಚಿನ್ನ ಅಡ ಇಡುತ್ತಾರೆ, ಡಿಪಾಸಿಟ್ ಮುರಿಸುತ್ತಾರೆ, ಬ್ಯಾಂಕ್ ಮ್ಯಾನೇಜರ್ ಮುಂದೆ ಕೂರುತ್ತಾರೆ.

ಆದ್ದರಿಂದ ಸಂಘದ ಗೆಳೆಯರಲ್ಲಿ ನಮ್ಮ ಕೋರಿಕೆ ಇಷ್ಟು. ಈ ಮಾರ್ಚಿನಿಂದ ಸಂಘದ ಹೆಸರಲ್ಲಿ ಹೋಗುವ ಖರ್ಚಿನ ಫೈಲಿಗೆ ಒಂದು ಕಾಲೇಜಿಗೆ ಒಂದು ಶೀಟ್ ಇರಲಿ, ಅದರ ಡೇಟಾ ಮತ್ತು ಚಾರ್ಟ್ ಅದೇ ಶೀಟಿನಲ್ಲಿರಲಿ. ಅಂಕಿ ತುಂಬಿದವರು ಬೇರೆ, 99,999 ಹೊಡೆದು ನೋಡಿದವರು ಬೇರೆ ಇರಲಿ, ಎರಡೂ ಹೆಸರು ಶೀಟಿನ ಮೇಲೆ ಇರಲಿ. ಸ್ಕ್ರೀನ್‌ಶಾಟ್ ಬೇಡ, ಫೈಲನ್ನೇ ಕಳಿಸೋಣ. ಮೊದಲ ಶೀಟಾಗಿ ಸ್ಯಾನ್ ಡಿಯಾಗೊದ್ದನ್ನು ನಾವು ಮತ್ತೆ ಮಾಡಿದ್ದೇವೆ. ಪರೀಕ್ಷಿಸಿ ಕೊಟ್ಟವನು, ನಮಗೆ ಫೋನ್ ಮಾಡಿದ ಅದೇ ಹುಡುಗ. ಅವನು ಒಂದು ತಪ್ಪು ಹಿಡಿದ. ತಿದ್ದಿದ್ದೇವೆ.